ಮೆಣಸಿನಪುಡಿ ಪೊಟ್ಟಣದ ಮೇಲೆ ಏನೇನು ಇರಬೇಕು?



ಹಾವೇರಿ ಕಡೆಯ ಹಳ್ಳಿಯೊಂದರಲ್ಲಿ ಕೆಲವು ಹೆಣ್ಣುಮಕ್ಕಳು ಕೂಡಿ, ಮೆಣಸಿನಕಾಯಿ ಒಣಗಿಸಿ, ತೊಟ್ಟು ಬಿಡಿಸಿ, ಪುಡಿ ಮಾಡಿಸಿ ಪೇಟೆಯ ಅಂಗಡಿಗೆ ಕಳಿಸಿದರು. ಎಂಟೇ ದಿನದಲ್ಲಿ ಪೊಟ್ಟಣಗಳೆಲ್ಲ ತಿರುಗಿ ಬಂದವು. ಕೂಲಿ, ಗಿರಣಿ, ಬಾಡಿಗೆಯ ದುಡ್ಡೆಲ್ಲ ಅದರಲ್ಲೇ ಸಿಕ್ಕಿಕೊಂಡಿತ್ತು. ಪೊಟ್ಟಣದ ಮೇಲೆ ಹೆಸರೊಂದು ಬಿಟ್ಟು ಮತ್ತೇನೂ ಇರಲಿಲ್ಲ. "ಸಾಹೇಬ್ರ, ನಮ್ಮ ಪುಡಿ ಚಲೋ ಐತ್ರೀ. ಚೀಟಿ ನೋಡಿ ಯಾರರ ಉಣ್ತಾರೇನ್ರೀ?" ಎಂದು ಹಿರಿಯ ತಾಯಿಯೊಬ್ಬರು ನನ್ನನ್ನು ಕೇಳಿದರು. ಅವರ ಪುಡಿ ಚಲೋ ಇದ್ದದ್ದು ನಿಜ. ಆದರೆ ಪೇಟೆಯ ಗಿರಾಕಿ ನಿಮ್ಮ ಮನೆ ಕಂಡವನಲ್ಲ. ಅವನಿಗೆ ಆ ಚೀಟಿಯೇ ನಿಮ್ಮ ಮಾತು.

ಮೊದಲು ಒಂದು ವಿಚಾರ ತಿಳಿದಿರಲಿ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯು ರೈತನಿಗೂ ಅವನ ಬೆಳೆಗೂ ಅನ್ವಯಿಸುವುದಿಲ್ಲ. ಕಾಯಿಯನ್ನು ಚೀಲದಲ್ಲಿ ತುಂಬಿ ಬ್ಯಾಡಗಿ ಮಾರುಕಟ್ಟೆಗೆ ಒಯ್ಯುವ ತನಕ ನೀವು ರೈತರು. ಅದನ್ನೇ ಪುಡಿ ಮಾಡಿ ಮಾರಿದ ದಿನದಿಂದ ಆಹಾರ ತಯಾರಕರು. ಆಗ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ಅವರು ಕೊಡುವ 14 ಅಂಕಿಯ ಸಂಖ್ಯೆಯನ್ನು ಪ್ರಾಧಿಕಾರದ ಗುರುತಿನೊಂದಿಗೆ ಪೊಟ್ಟಣದ ಮೇಲೆ ಹಾಕಬೇಕು.

ಇನ್ನು ತೂಕದ ಮಾತು. ಗಿರಾಕಿಯ ಕಣ್ಣೆದುರೇ ತೂಗಿ ಕೊಟ್ಟರೆ ಅದು ಬಿಡಿ ಮಾರಾಟ. ಅವನಿಲ್ಲದಾಗ ಮೊದಲೇ ತೂಗಿ ಕಟ್ಟಿಟ್ಟರೆ ಅದು ಪೊಟ್ಟಣದ ಸರಕು. 2011ರ ಪೊಟ್ಟಣ ಸಾಮಗ್ರಿಗಳ ನಿಯಮ ಅದಕ್ಕೆ ತಾಗುತ್ತದೆ. ಕೆಲಸ ಆರಂಭಿಸಿದ 90 ದಿನಗಳೊಳಗೆ ಕಾನೂನು ಮಾಪನಶಾಸ್ತ್ರ ಇಲಾಖೆಯಲ್ಲಿ, ಅಂದರೆ ನಾವು ತೂಕ-ಅಳತೆ ಇಲಾಖೆ ಅನ್ನುತ್ತೇವಲ್ಲ, ಅಲ್ಲಿ ಹೆಸರು ನೋಂದಾಯಿಸಿರಿ. ತಕ್ಕಡಿ ಎಲೆಕ್ಟ್ರಾನಿಕ್ ಇದ್ದರೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಿರಿ.

ಪೊಟ್ಟಣದ ಮೇಲೆ ಇರಬೇಕಾದ ಮುಖ್ಯ ವಿವರಗಳನ್ನು ಬೆರಳು ಮಡಿಚಿ ಎಣಿಸಿಕೊಳ್ಳಿ:

1. ಪದಾರ್ಥದ ಹೆಸರು.
2. ತಯಾರಿಸಿದವರ ಹೆಸರು, ಪೂರ್ಣ ವಿಳಾಸ.
3. ಸಾಂಬಾರ ಪುಡಿಯಂತೆ ಹಲವು ಪದಾರ್ಥ ಬೆರೆತಿದ್ದರೆ, ಹೆಚ್ಚು ತೂಕದ್ದು ಮೊದಲು ಬರುವಂತೆ ಅವುಗಳ ಪಟ್ಟಿ.
4. ನಿವ್ವಳ ತೂಕ. ಚೀಲದ ತೂಕ ಬಿಟ್ಟು ಒಳಗಿನ ಪುಡಿಯ ತೂಕ ಮಾತ್ರ.
5. ತಯಾರಿಸಿದ ದಿನ, ಬಳಕೆಯ ಕೊನೆಯ ದಿನ, ಬ್ಯಾಚ್ ಸಂಖ್ಯೆ.
6. ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ಜೊತೆಗೆ ಗ್ರಾಮಿನ ಬೆಲೆ. 200 ಗ್ರಾಮಿಗೆ 100 ರೂಪಾಯಿ ಆದರೆ ಗ್ರಾಮಿಗೆ 50 ಪೈಸೆ.
7. ದೂರು ಹೇಳಲು ಫೋನ್ ಸಂಖ್ಯೆ, ಇಮೇಲ್.
8. ಸಸ್ಯಾಹಾರದ ಗುರುತು: ಹಸಿರು ಚೌಕದೊಳಗೆ ಹಸಿರು ಚುಕ್ಕೆ.

ಇಲ್ಲೇ ಬಹಳ ಜನ ತಪ್ಪುತ್ತಾರೆ: ಬರೀ ಕನ್ನಡದಲ್ಲಿ ಅಚ್ಚು ಹಾಕಿಸಿದರೆ ಸಾಲದು. ವಿವರಗಳು ಇಂಗ್ಲಿಷಿನಲ್ಲಾಗಲಿ ದೇವನಾಗರಿ ಲಿಪಿಯ ಹಿಂದಿಯಲ್ಲಾಗಲಿ ಇರಲೇಬೇಕು. ಅದರ ಜೊತೆಗೆ ಕನ್ನಡವೂ ಇರಲಿ. ನಮ್ಮ ಜನ ಓದಬೇಕಲ್ಲ!

ಪುಡಿ ಕೆಂಪಾಗಲೆಂದು ಬಣ್ಣ ಬೆರೆಸಲೇಬೇಡಿ. ಹಳೆಯ ಪತ್ರಿಕೆಯಲ್ಲಿ ಕಟ್ಟಬೇಡಿ, ಅಚ್ಚಿನ ಮಸಿ ಆಹಾರಕ್ಕೆ ಹತ್ತುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದೆ. ಬೇರೆ ಕಾಯಿಯ ಪುಡಿಗೆ ಆ ಹೆಸರು ಹಚ್ಚಿದರೆ ಗಿರಾಕಿಗೂ ಮೋಸ, ನಿಜವಾದ ಬೆಳೆಗಾರನಿಗೂ ಮೋಸ.

ಆ ಹೆಣ್ಣುಮಕ್ಕಳು ತಿರುಗಿ ಬಂದ ಪುಡಿಗೆ ಹೊಸ ತಾರೀಕು ಅಂಟಿಸಲಿಲ್ಲ. ಮನೆಮನೆಗೆ ಹಂಚಿಕೊಂಡು ಉಂಡರು, ನಷ್ಟವನ್ನೂ ಹಂಚಿಕೊಂಡರು. ನೋಂದಣಿ ಮಾಡಿಸಿ, ಸರಿಯಾದ ಚೀಟಿ ಅಚ್ಚು ಹಾಕಿಸಿ, ಮುಂದಿನ ಸುಗ್ಗಿಯ ಹೊಸ ಪುಡಿಯನ್ನು ಅದೇ ಅಂಗಡಿಗೆ ಕಳಿಸಿದರು. ಈ ಸಲ ಪೊಟ್ಟಣ ತಿರುಗಿ ಬರಲಿಲ್ಲ. ಇನ್ನಷ್ಟು ಕಳಿಸಿರೆಂದು ಮಾತು ಬಂತು.

ನೀವೂ ಅಚ್ಚಿಗೆ ಕೊಡುವ ಮೊದಲು ಚೀಟಿಯ ನಮೂನೆಯನ್ನು ಬಲ್ಲವರಿಗೆ ಒಮ್ಮೆ ತೋರಿಸಿರಿ. ಸಾವಿರ ಚೀಟಿ ಅಚ್ಚಾದ ಮೇಲೆ ತಿದ್ದುವುದಕ್ಕಿಂತ ಒಂದು ಹಾಳೆಯ ಮೇಲೆ ತಿದ್ದುವುದು ಅಗ್ಗ.