ಹಿತ್ತಲಿಗೆ ಸೂರಕ್ಕಿ, ಪಾತರಗಿತ್ತಿ ಬರಬೇಕಾದರೆ

(ಶಿವಯೋಗ ಮಂದಿರದ ಸುತ್ತಲಿನ ಹಳ್ಳಿಗಳ ರೈತರು, ತಾಯಂದಿರು ಹಾಗೂ ಶಾಲಾ ಮಕ್ಕಳಿಗಾಗಿ ಮಾಡಿದ ಭಾಷಣ)



ಮಲಪ್ರಭಾ ನದಿಯ ದಂಡೆಯ ಮೇಲಿರುವ ಶಿವಯೋಗ ಮಂದಿರವನ್ನು ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಸ್ಥಾಪಿಸಿದರು. ಗೋವಿನ ಸಗಣಿಯಿಂದ ಇಲ್ಲಿ ತಯಾರಾಗುವ ವಿಭೂತಿ ನಾಡಿನಲ್ಲಿ ಹೆಸರಾಗಿದೆ. ವಿಭೂತಿಯ ಜೊತೆಗೆ ನಮ್ಮ ಪೂಜೆಗೆ ಬೇಕಾದದ್ದು ಬಿಲ್ವಪತ್ರಿ. ಆ ಪತ್ರಿಗಿಡದಿಂದಲೇ ಇಂದಿನ ಮಾತನ್ನು ಆರಂಭಿಸುತ್ತೇನೆ.

ಮಳೆಗಾಲದಲ್ಲಿ ಎಳೆಯ ಪತ್ರಿಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಸಣ್ಣ ಹುಳುವನ್ನು ನೀವು ನೋಡಿರಬಹುದು. ಬೆಳೆದ ಮೇಲೆ ಅದು ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕೋಡಿನಂಥದನ್ನು ಚಾಚಿ ವಾಸನೆ ಬಿಡುತ್ತದೆ. ಪತ್ರಿ ತಿನ್ನುವ ಹುಳುವೆಂದು ಅದನ್ನು ತೆಗೆದು ತುಳಿಯುತ್ತೇವೆ, ಇಲ್ಲವೇ ಔಷಧಿ ಹೊಡೆಯುತ್ತೇವೆ. ಆದರೆ ಅದೇ ಹುಳು ಕೋಶ ಕಟ್ಟಿ, ಕೆಲವು ದಿನಗಳ ಮೇಲೆ ಕಪ್ಪು ರೆಕ್ಕೆಯಲ್ಲಿ ತಿಳಿಹಳದಿ ಮಚ್ಚೆಗಳುಳ್ಳ ದೊಡ್ಡ ಪಾತರಗಿತ್ತಿಯಾಗಿ ಹಾರುತ್ತದೆ. ಇದಕ್ಕೆ ನಿಂಬೆ ಚಿಟ್ಟೆ ಎಂದು ಹೆಸರು. ನಿಂಬೆ ಮತ್ತು ಕರಿಬೇವಿನ ಎಲೆಗಳ ಮೇಲೆಯೂ ಇದು ತತ್ತಿ ಇಡುತ್ತದೆ. ತತ್ತಿಯಿಂದ ಚಿಟ್ಟೆಯಾಗಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಹುಳುವನ್ನೆಲ್ಲ ಕೊಂದ ಮೇಲೆ ಹಿತ್ತಲಿಗೆ ಚಿಟ್ಟೆ ಎಲ್ಲಿಂದ ಬಂದೀತು?

ಆದುದರಿಂದ ಹೂವಿನ ಗಿಡ ಹಚ್ಚಿದರಷ್ಟೇ ಸಾಲದು, ಹುಳು ತಿನ್ನುವ ಎಲೆಯ ಗಿಡವೂ ಇರಬೇಕು. ಇದಕ್ಕೆ ಹಣ ಖರ್ಚು ಮಾಡಬೇಕಾಗಿಲ್ಲ. ಬೇಲಿಯ ಎಕ್ಕದ ಮೇಲೆ ಕಿತ್ತಳೆ ಬಣ್ಣದ ಚಿಟ್ಟೆ ಬೆಳೆಯುತ್ತದೆ. ಆವರಿಕೆಯ ಮೇಲೆ ಬಿಳಿಯ ಚಿಟ್ಟೆ, ಔಡಲದ ಮೇಲೆ ಕಂದು ಚಿಟ್ಟೆ ಬೆಳೆಯುತ್ತವೆ. ಬೇಲಿ ಸವರುವಾಗ ಇವುಗಳಲ್ಲಿ ನಾಲ್ಕಾರು ಗಿಡ ಉಳಿಸಿರಿ. ಎಕ್ಕದ ಹಾಲು ಕಣ್ಣಿಗೆ ಬೀಳದಂತೆ ಮಕ್ಕಳಿಗೆ ಎಚ್ಚರಿಕೆ ಹೇಳಿರಿ. ಚಿಟ್ಟೆಗಳ ಊಟಕ್ಕೆ ಚೆಂಡುಹೂ, ತುಳಸಿ, ಕಾಶಿ ಕಣಗಿಲೆ ಸಾಕು.

ಇನ್ನು ಹಕ್ಕಿಯ ವಿಷಯ. ಹೂವಿನ ಮುಂದೆ ಗಾಳಿಯಲ್ಲಿ ನಿಂತೇ ರಸ ಹೀರುವ ಹಮ್ಮಿಂಗ್ ಹಕ್ಕಿಯ ಚಿತ್ರವನ್ನು ಮಕ್ಕಳು ಪುಸ್ತಕದಲ್ಲಿ ನೋಡಿರುತ್ತಾರೆ. ಅದು ಅಮೆರಿಕ ಖಂಡಗಳಲ್ಲಿ ಮಾತ್ರ ಇರುವ ಹಕ್ಕಿ. ನಮ್ಮಲ್ಲಿ ಆ ಕೆಲಸ ಮಾಡುವುದು ಸೂರಕ್ಕಿ. ಇದು ಹತ್ತು ಗ್ರಾಂ ತೂಕವನ್ನು ಮೀರುವುದು ಅಪರೂಪ. ಗಂಡು ಬಿಸಿಲಿಗೆ ನೇರಳೆ ಬಣ್ಣದಲ್ಲಿ ಹೊಳೆಯುತ್ತದೆ. ಹೆಣ್ಣು ಮಾಸಲು ಬಣ್ಣದ್ದು. ಸೂರಕ್ಕಿ ಹೆಚ್ಚಾಗಿ ಟೊಂಗೆಯ ಮೇಲೆ ಕುಳಿತೇ ರಸ ಹೀರುವುದರಿಂದ ಗಟ್ಟಿ ಟೊಂಗೆಯ ಗಿಡಗಳು ಬೇಕು. ದಾಸವಾಳ, ರತ್ನಗಂಧಿ, ನುಗ್ಗೆ ಇವು ಒಳ್ಳೆಯವು. ಬಾಳೆಯ ಹೂವಿಗೂ ಅದು ಬರುತ್ತದೆ. ಹೊಲದ ಬದುವಿನಲ್ಲಿ ಮುತ್ತಲ ಗಿಡವಿದ್ದರೆ ಕಡಿಯಬೇಡಿರಿ. ಬೇಸಿಗೆ ಕಾಲಿಡುವ ಹೊತ್ತಿನಲ್ಲಿ ಅದರ ಕೆಂಪು ಹೂವು ಈ ಹಕ್ಕಿಗೆ ದೊಡ್ಡ ಆಧಾರ.

ಸೂರಕ್ಕಿ ನಾರು, ಒಣ ಎಲೆಗಳನ್ನು ಜೇಡರ ಬಲೆಯಿಂದ ಹೆಣೆದು ಚೀಲದಂಥ ತೂಗುಗೂಡು ಕಟ್ಟುತ್ತದೆ. ಮರಿಗಳಿಗೆ ಹುಳುಗಳನ್ನೂ ಜೇಡಗಳನ್ನೂ ಉಣಿಸುತ್ತದೆ. ಹಿತ್ತಲಲ್ಲಿ ಔಷಧಿ ಹೊಡೆದರೆ ಆ ಮರಿಗಳ ಊಟವನ್ನೇ ಕಸಿದಂತಾಗುತ್ತದೆ.

ಗಿಡ ಹಚ್ಚುವ ಕ್ರಮ ಸುಲಭ. ಒಂದೂವರೆ ಅಡಿ ಉದ್ದ, ಅಗಲ, ಆಳದ ಕುಣಿ ತೆಗೆದು, ಒಂದು ಬುಟ್ಟಿ ತಿಪ್ಪೆಗೊಬ್ಬರವನ್ನು ಮಣ್ಣಿನಲ್ಲಿ ಬೆರೆಸಿ ತುಂಬಿರಿ. ಮುಂಗಾರು ಹಿಡಿದ ಮೇಲೆ ದಾಸವಾಳದ ಕಡ್ಡಿ, ಕರಿಬೇವಿನ ಸಸಿ ಹಚ್ಚಿರಿ. ಬುಡಕ್ಕೆ ಜೋಳದ ಸೊಪ್ಪೆ ಹೊದಿಸಿದರೆ ತೇವ ಆರುವುದಿಲ್ಲ. ನಮ್ಮದು ಮಳೆ ಕಡಿಮೆಯಿರುವ ಸೀಮೆ. ಬೀದಿಗೆ ಹರಿದು ಸೊಳ್ಳೆ ಬೆಳೆಸುವ ಬಚ್ಚಲ ನೀರನ್ನು ಕಾಲುವೆ ಮಾಡಿ ಗಿಡಗಳಿಗೆ ತಿರುಗಿಸಿರಿ. ನೀರು ಎಲ್ಲಿಯೂ ನಿಲ್ಲಬಾರದು. ಮಣ್ಣು ಹಸಿಯಾಗಿದ್ದರೆ ಸಾಕು. ಚಿಟ್ಟೆಗಳು ಆ ಹಸಿಮಣ್ಣಿನ ಮೇಲೆ ಕುಳಿತು ಉಪ್ಪಿನಂಶ ಹೀರುತ್ತವೆ.

ಒಂದು ಮಾತನ್ನು ಮುಚ್ಚಿಡಬಾರದು. ಎಲ್ಲ ಚಿಟ್ಟೆಗಳೂ ರೈತನಿಗೆ ನಿರಪಾಯಕಾರಿಯಲ್ಲ. ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ದಾಳಿಂಬೆ ಬೆಳೆಯುವವರಿಗೆ ಇದು ಗೊತ್ತು. ಕಾಯಿ ಕೊರೆದು ಒಳಗಿನ ಕಾಳು ತಿನ್ನುವ ಹುಳು ಒಂದು ಜಾತಿಯ ಚಿಟ್ಟೆಯದೇ. ಅದಕ್ಕೆ ಎಳೆಗಾಯಿಗಳಿಗೆ ಚೀಲ ಕಟ್ಟಬೇಕು, ಕೊರೆದ ಕಾಯಿಗಳನ್ನು ಆರಿಸಿ ನಾಶಮಾಡಬೇಕು. ಆ ಒಂದು ಜಾತಿಯ ತಪ್ಪಿಗೆ ಹಿತ್ತಲಿನ ಹುಳುಗಳನ್ನೆಲ್ಲ ಕೊಲ್ಲುವುದು ನ್ಯಾಯವಲ್ಲ.

ಪೂಜೆಗೆ ಬೇಕಾದಷ್ಟು ಪತ್ರಿಯನ್ನು, ಅಡಿಗೆಗೆ ಬೇಕಾದಷ್ಟು ಕರಿಬೇವನ್ನು ತಾಯಂದಿರು ಅವಶ್ಯವಾಗಿ ಬಿಡಿಸಿಕೊಳ್ಳಲಿ. ಗಿಡ ಸಣ್ಣದಿದ್ದು ಹುಳು ಹೆಚ್ಚಾಗಿದ್ದರೆ ಅವನ್ನು ದೊಡ್ಡ ಗಿಡಕ್ಕೆ ಸಾಗಿಸಿರಿ. ಬೆಳೆದ ಗಿಡದಲ್ಲಿ ಒಂದು ಟೊಂಗೆಯನ್ನು ಅವುಗಳಿಗೆಂದೇ ಬಿಡಿರಿ. ತಿಂದ ಟೊಂಗೆ ಮತ್ತೆ ಚಿಗುರುತ್ತದೆ. ಮಕ್ಕಳೇ, ಆ ಟೊಂಗೆಯನ್ನು ಕಾಯುವ ಕೆಲಸ ನಿಮ್ಮದು. ತತ್ತಿ ಕಂಡ ದಿನವನ್ನೂ ಚಿಟ್ಟೆ ಹಾರಿದ ದಿನವನ್ನೂ ಪಾಟಿಯ ಮೇಲೆ ಬರೆದು ನಿಮ್ಮ ಗುರುಗಳಿಗೆ ತೋರಿಸಿರಿ.