ಒಂದು ಕರವಸ್ತ್ರದ ಕಥೆ

ಅರಿಷಡ್ವರ್ಗದಲ್ಲಿ ಮತ್ಸರವನ್ನು ನಮ್ಮ ಹಿರಿಯರು ಕೊನೆಗೆ ಎಣಿಸಿದರು. ಕೊನೆಯದಾದರೂ ಅದು ಕಿರಿಯ ವೈರಿಯಲ್ಲ. 1604ರಲ್ಲಿ ಲಂಡನ್ನಿನ ವೈಟ್‌ಹಾಲ್ ಅರಮನೆಯಲ್ಲಿ ಆಡಿದ ಷೇಕ್ಸ್‌ಪಿಯರ್ ಕವಿಯ ‘ಒಥೆಲೊ’ ಇದಕ್ಕೆ ಸಾಕ್ಷಿ. ಬಸಪ್ಪಶಾಸ್ತ್ರಿಗಳ ‘ಶೂರಸೇನ ಚರಿತ್ರೆ’ಯಾಗಿ 19ನೆಯ ಶತಮಾನದಲ್ಲಿಯೇ ಇದು ಕನ್ನಡಕ್ಕೆ ಬಂದಿತು.

ಒಥೆಲೊ ವೆನಿಸ್ಸಿನ ದಂಡನಾಯಕ. ತನಗೆ ಸಿಗಬೇಕಾದ ಪದವಿ ಕ್ಯಾಸಿಯೊನಿಗೆ ಸಿಕ್ಕಿತೆಂದು ಇಯಾಗೊನಿಗೆ ಮತ್ಸರ. ಅವನ ಕುಟಿಲತೆಯನ್ನು ನೋಡಿರಿ. ಒಥೆಲೊನ ಮುಂದೆ ಅವನು ಮೊದಲಿಗೆ ಯಾರನ್ನೂ ದೂರುವುದಿಲ್ಲ. ಮಾತನ್ನು ಅರ್ಧಕ್ಕೆ ನಿಲ್ಲಿಸುತ್ತಾನೆ. ಉಳಿದರ್ಧವನ್ನು ಒಥೆಲೊನ ಮನಸ್ಸೇ ತುಂಬಿಕೊಳ್ಳುತ್ತದೆ. ಒಥೆಲೊ ಪ್ರೀತಿಯಿಂದ ಕೊಟ್ಟ ಕರವಸ್ತ್ರ ಮಡದಿ ಡೆಸ್ಡಿಮೋನಳಿಂದ ಕೆಳಗೆ ಬೀಳುತ್ತದೆ. ಇಯಾಗೊನ ಹೆಂಡತಿ ಎಮಿಲಿಯಾ ಅದನ್ನೆತ್ತಿ ಗಂಡನಿಗೆ ಕೊಡುತ್ತಾಳೆ. ಅವನು ಅದನ್ನು ಕ್ಯಾಸಿಯೊನ ಬಿಡಾರದಲ್ಲಿ ಬಿಟ್ಟುಬರುತ್ತಾನೆ. ಶೀಲಕ್ಕೆ ಕಳಂಕ ಹಚ್ಚಲು ಅಷ್ಟೇ ಸಾಕಾಯಿತು.

ಒಥೆಲೊ ಮಡದಿಯನ್ನು ಜರೆದ, ಹೊಡೆದ. ಆದರೆ ಕ್ಯಾಸಿಯೊನ ಹೆಸರೆತ್ತಿ ಕರವಸ್ತ್ರದ ಆರೋಪ ಹೊರಿಸಿದ್ದು ಕೊಲ್ಲಲು ನಿಂತ ರಾತ್ರಿ. ಅವನನ್ನೇ ಕರೆಸಿ ವಿಚಾರಿಸಬೇಕೆಂದು ಆಕೆ ಬೇಡಿದಳು. ಅವನು ವಿಚಾರಿಸಲಿಲ್ಲ. ಆಕೆ ಸತ್ತ ಸ್ವಲ್ಪ ಹೊತ್ತಿನಲ್ಲಿಯೇ ಎಮಿಲಿಯಾಳ ಬಾಯಿಂದ ನಿಜ ಹೊರಬಿತ್ತು.

ವಾಚಕರೇ, ಕಿಡಿ ತಂದವನು ಇಯಾಗೊ, ಸೌದೆ ಒಥೆಲೊನದೇ. ನಿಮ್ಮವರ ಮೇಲೆ ಸಂಶಯ ಹುಟ್ಟಿದರೆ, ಮೂರನೆಯವರಿಗೆ ಕಿವಿಗೊಡುವ ಮುನ್ನ ಅವರನ್ನೇ ಕೇಳಿರಿ.