ನಗರದಲ್ಲಿ ಹೊಸ ಉದ್ಯಾನಗಳು

ಬೆಂಗಳೂರನ್ನು ಉದ್ಯಾನ ನಗರವೆಂದು ಕರೆಯುವುದು ವಾಡಿಕೆ. ಹೊರಗಿನಿಂದ ನೆಂಟರು ಬಂದರೆ ಅವರಿಗೆ ಲಾಲ್‌ಬಾಗನ್ನು ತೋರಿಸುತ್ತೇವೆ, ಕಬ್ಬನ್ ಉದ್ಯಾನದಲ್ಲಿ ಸುತ್ತಾಡಿಸುತ್ತೇವೆ. ಅವರು ಮೆಚ್ಚಿಕೊಂಡರೆ, ಅಲ್ಲಿನ ಮರಗಳನ್ನೆಲ್ಲ ನಾವೇ ನೆಟ್ಟವರಂತೆ ಹಿಗ್ಗುತ್ತೇವೆ. ಹಿಗ್ಗುವುದು ತಪ್ಪೇನೂ ಅಲ್ಲ. ಆದರೆ ನೆಂಟರನ್ನು ಕಳುಹಿಸಿಕೊಟ್ಟ ಮೇಲೆ ನೀವು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ನಿಮ್ಮ ಮನೆಯ ಹೊಸಿಲು ದಾಟಿ ಹತ್ತು ನಿಮಿಷ ನಡೆದರೆ, ಕಾಸು ಕೊಡದೆ, ಯಾರ ಅಪ್ಪಣೆಯನ್ನೂ ಕೇಳದೆ, ಮರದ ನೆರಳಿನಲ್ಲಿ ಕುಳಿತುಕೊಳ್ಳುವ ಒಂದು ಜಾಗ ಸಿಕ್ಕುತ್ತದೆಯೆ? ಮಗುವನ್ನು ನಿಶ್ಚಿಂತೆಯಾಗಿ ಆಡಲು ಬಿಡಬಹುದೆ? ಊರಿನ ನಡುವೆ ಎರಡು ದೊಡ್ಡ ತೋಟಗಳಿವೆಯೆಂಬುದು ಊರಂಚಿನ ಬಡಾವಣೆಯವನಿಗೆ ಒಂದು ಸಮಾಚಾರವಷ್ಟೆ. ಅವನಿಗೆ ಬೇಕಾದದ್ದು ಕಾಲಳತೆಯಲ್ಲಿರುವ ನೆರಳು.

ಹಿಂದಿನವರು ಈ ಕೆಲಸವನ್ನು ಹೇಗೆ ಮಾಡಿದರು? ಹೈದರಾಲಿ 1760ರಲ್ಲಿ ಲಾಲ್‌ಬಾಗಿಗೆ ಅಸ್ತಿಭಾರ ಹಾಕಿದಾಗ ಅದು ಊರಿನ ಹೊರಗಿನ ಭೂಮಿ. 1870ರಲ್ಲಿ ರಿಚರ್ಡ್ ಸ್ಯಾಂಕಿ ಕಬ್ಬನ್ ಉದ್ಯಾನವನ್ನು ರೂಪಿಸಿದಾಗ ಪೇಟೆಗೂ ದಂಡಿಗೂ ನಡುವೆ ಬಯಲಿತ್ತು. 1898ರ ಪ್ಲೇಗಿನಲ್ಲಿ ಇಕ್ಕಟ್ಟಾದ ಪೇಟೆ ತತ್ತರಿಸಿದ ಮೇಲೆ, ಗಾಳಿ ಬೆಳಕುಗಳಿಲ್ಲದ ಊರು ಮನುಷ್ಯನನ್ನು ಕೊಲ್ಲುತ್ತದೆಯೆಂಬ ಪಾಠ ಕಲಿತು ಬಸವನಗುಡಿ, ಮಲ್ಲೇಶ್ವರಗಳ ಅಗಲವಾದ ಬೀದಿಗಳನ್ನು ಬೆಳೆಸಿದರು. ಇವೆಲ್ಲದರಲ್ಲಿಯೂ ಒಂದು ಸಾಮಾನ್ಯ ಗುಣವಿದೆ: ಮನೆಗಳು ಬರುವುದಕ್ಕೆ ಮೊದಲೇ ಜಾಗವನ್ನು ತೆಗೆದಿಟ್ಟರು. ನಮಗೆ ಆ ಅನುಕೂಲವಿಲ್ಲ. 1951ರಲ್ಲಿ ಎಂಟು ಲಕ್ಷದ ಹತ್ತಿರವಿದ್ದ ಜನಸಂಖ್ಯೆ 2011ರ ಗಣತಿಯ ವೇಳೆಗೆ 84 ಲಕ್ಷವನ್ನು ಮುಟ್ಟಿತ್ತು. ಬಯಲು ಎಲ್ಲಿದೆ, ಉದ್ಯಾನ ಎಲ್ಲಿ ಮಾಡುವುದು ಎಂದು ಕೇಳುವವರಿಗೆ ಉತ್ತರ ಕೊಡಲೇಬೇಕಾಗಿದೆ.

ಉತ್ತರವಿಲ್ಲದೆ ಇಲ್ಲ. ನಗರ ಬೆಳೆಯುತ್ತ ಹೋದಂತೆ ಕೆಲವು ಜಾಗಗಳ ಹಳೆಯ ಕೆಲಸ ಮುಗಿಯುತ್ತದೆ. ಕಾರ್ಖಾನೆ ಮುಚ್ಚುತ್ತದೆ, ಉಗ್ರಾಣ ಊರಾಚೆ ಹೋಗುತ್ತದೆ. ಆ ಗಳಿಗೆಯಲ್ಲಿ ಎಚ್ಚರವಾಗಿದ್ದವರು ಉದ್ಯಾನ ಪಡೆಯುತ್ತಾರೆ. ಶೇಷಾದ್ರಿ ರಸ್ತೆಯ ಬದಿಯಲ್ಲಿದ್ದ ಸೆಂಟ್ರಲ್ ಜೈಲಿನ ಕಥೆ ನಿಮಗೆ ತಿಳಿದಿರಬಹುದು. 1975ರ ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಮೊದಲಾದವರನ್ನು ಕೂಡಿಹಾಕಿದ್ದ ಜೈಲು ಅದು. ಜೈಲು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ, ಊರ ನಡುವಿನ ಆ ಬೆಲೆಬಾಳುವ ನೆಲದ ಮೇಲೆ ಅಂಗಡಿ ಮಳಿಗೆಗಳೇ ಏಳಬಹುದಾಗಿತ್ತು. ಹಾಗಾಗಲಿಲ್ಲ. 2008ರಲ್ಲಿ ಅದು ಫ್ರೀಡಂ ಪಾರ್ಕ್ ಎಂಬ ಹೆಸರಿನಲ್ಲಿ ಸಾರ್ವಜನಿಕರಿಗೆ ತೆರೆಯಿತು. ಕಾವಲು ಗೋಪುರವನ್ನು ಉಳಿಸಿಕೊಂಡರು. ಜನ ಸಭೆ ಸೇರಿ ತಮ್ಮ ಅಹವಾಲು ಹೇಳಿಕೊಳ್ಳಲು ಒಂದು ಭಾಗವನ್ನು ಬಿಟ್ಟುಕೊಟ್ಟರು. ಹೊಸ ಉದ್ಯಾನಕ್ಕೆ ಹೊಸ ಭೂಮಿಯೇ ಬೇಕೆಂಬುದಿಲ್ಲವೆನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನೊಂದು ದಾರಿ ಕೆರೆಗಳ ದಂಡೆ. ಇಲ್ಲಿ ಮಾತ್ರ ಬಹಳ ಎಚ್ಚರಿಕೆ ಬೇಕು. ಧರ್ಮಾಂಬುಧಿ ಕೆರೆ ಇದ್ದಲ್ಲಿ ಈಗ ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕರಗದ ಪೂಜೆಗೆಂದು ಉಳಿಸಿಕೊಂಡ ಒಂದು ಪುಟ್ಟ ಕೊಳ ಮಾತ್ರ ಹಳೆಯ ಕೆರೆಯ ಗುರುತಾಗಿದೆ. ಬಸ್ಸೂ ಬೇಕು, ಆಟವೂ ಬೇಕು, ನಿಜ. ಆದರೆ ಮಳೆಯ ನೀರಿಗೆ ನಮ್ಮ ನಕ್ಷೆ ಗೊತ್ತಿಲ್ಲ. ಅದು ತನ್ನ ಹಳೆಯ ತಗ್ಗನ್ನೇ ಹುಡುಕಿಕೊಂಡು ಬರುತ್ತದೆ. ಆದಕಾರಣ ಕೆರೆಯನ್ನು ಮುಚ್ಚಿ ಉದ್ಯಾನ ಮಾಡುವುದು ಉಪಕಾರವಾಗಲಾರದು. ಏರಿಯ ಮೇಲೆ ನಡೆಯಲು ಹಾದಿ, ಏರಿಯ ಬದಿಗೆ ಮರ, ಅಂಗಳದಲ್ಲಿ ನೀರು, ನೀರು ಒಳಬರುವ ಕಡೆ ಜೊಂಡು ಬೆಳೆದ ಜೌಗು: ಇಷ್ಟಿದ್ದರೆ ಕೆರೆಯೂ ಉಳಿಯುತ್ತದೆ, ಜನರಿಗೆ ಗಾಳಿಯೂ ಸಿಕ್ಕುತ್ತದೆ. ಜೌಗನ್ನು ಕೊಳಕೆಂದು ಅಗೆದು ಹಾಕಿ, ಸುತ್ತ ಕಲ್ಲುಕಟ್ಟಿ ಕೆರೆಯನ್ನು ಬೋಗುಣಿಯಂತೆ ಮಾಡಿದರೆ ಹಕ್ಕಿಗಳಿಗೂ ಇಳಿಯಲು ಜಾಗವಿರುವುದಿಲ್ಲ.

ಮೂರನೆಯದು ನಾವು ಮರೆತೇಬಿಟ್ಟ ಒಂದು ಆಸ್ತಿ. ಬೆಂಗಳೂರು ನುಂಗಿಕೊಂಡ ಹಳ್ಳಿಗಳಲ್ಲಿ ಗುಂಡುತೋಪುಗಳಿದ್ದವು. ಮಾವು, ನೇರಳೆ, ಹುಣಿಸೆ, ಹಲಸಿನ ಮರಗಳ ಆ ತೋಪು ಊರಿಗೆಲ್ಲ ಸೇರಿದ್ದು. ದಾರಿಹೋಕರು ಅಲ್ಲಿ ಬುತ್ತಿ ಬಿಚ್ಚುತ್ತಿದ್ದರು, ದನ ಕಾಯುವ ಹುಡುಗರು ಆಡುತ್ತಿದ್ದರು. ಅವುಗಳ ಜೊತೆಗೆ ಅರಳಿಕಟ್ಟೆ, ರಸ್ತೆಯ ಸಾಲುಮರ. ಉದ್ಯಾನವೆಂಬ ಮಾತು ಕಿವಿಗೆ ಬೀಳುವ ಮೊದಲೇ ನಮ್ಮ ಜನ ಸಾರ್ವಜನಿಕ ನೆರಳನ್ನು ಏರ್ಪಡಿಸಿಕೊಂಡಿದ್ದರು. ಹಳೆಯ ಗ್ರಾಮನಕ್ಷೆಗಳಲ್ಲಿ ತೋಪುಗಳ ಗುರುತು ಉಂಟು. ನಿಮ್ಮ ಬಡಾವಣೆ ಹಿಂದೆ ಯಾವ ಹಳ್ಳಿಯಾಗಿತ್ತು, ಅದರ ತೋಪು ಎಲ್ಲಿತ್ತು ಎಂದು ವಿಚಾರಿಸಿ ನೋಡಿ. ಅದರ ತುಂಡೊಂದು ಕಸ ಸುರಿಯುವ ಜಾಗವಾಗಿ ಇನ್ನೂ ಉಳಿದಿದ್ದರೂ ಉಳಿದಿರಬಹುದು.

ಜಾಗ ದೊರೆಯಿತೆಂದು ಇಟ್ಟುಕೊಳ್ಳೋಣ. ಅಲ್ಲಿ ಏನು ಬೆಳೆಸಬೇಕು? ಈಗಿನ ಅಭ್ಯಾಸ ಹೀಗಿದೆ: ಸುತ್ತ ಕಬ್ಬಿಣದ ಬೇಲಿ, ನಡುವೆ ಹುಲ್ಲುಹಾಸು, ಅಂಚಿಗೆ ಕತ್ತರಿಸಿದ ಗಿಡ, ಸಿಮೆಂಟಿನ ಕಾಲುಹಾದಿ, ಹುಲ್ಲಿನ ಮೇಲೆ ನಡೆಯಬೇಡಿ ಎಂಬ ಹಲಗೆ. ಕಣ್ಣಿಗೆ ಅಚ್ಚುಕಟ್ಟು, ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಅಲ್ಲಿ ಕೂರಲಾದೀತೆ? ಹುಲ್ಲುಹಾಸಿಗೆ ದಿನವೂ ನೀರು ಬೇಕು, ಅದು ಕೊಡುವ ನೆರಳು ಸೊನ್ನೆ. ಹೊಂಗೆ, ಬೇವು, ನೇರಳೆ, ಅತ್ತಿ ಇವು ಬೇರು ಹಿಡಿಯುವ ತನಕ ಎರಡು ಮೂರು ಬೇಸಗೆ ನೀರು ಕೇಳುತ್ತವೆ. ಆಮೇಲೆ ತಮ್ಮ ಪಾಡನ್ನು ತಾವೇ ನೋಡಿಕೊಳ್ಳುತ್ತವೆ. ಹೂವು ಬೇಡವೆಂದಲ್ಲ. 1908ರಿಂದ ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನಿಯ ಕ್ರುಂಬಿಗಲ್ ಅವರು, ಒಂದು ಜಾತಿಯ ಹೂ ಉದುರುವಾಗ ಇನ್ನೊಂದು ಜಾತಿ ಅರಳುವಂತೆ ಮರಗಳನ್ನು ಆರಿಸಿ ಬೀದಿಗಳಲ್ಲಿ ನೆಡಿಸಿದರು. ಹೂವನ್ನೂ ನೆರಳನ್ನೂ ಒಂದೇ ಮರದಿಂದ ಪಡೆಯುವ ಜಾಣತನ ಅದು.

ನೆರಳಿನ ಮಾತನ್ನು ಕಾವ್ಯವೆಂದು ತಳ್ಳಿಹಾಕುವವರಿಗೆ ಲೆಕ್ಕವನ್ನೂ ಕೊಡಬಹುದು. ಹರಿಣಿ ನಾಗೇಂದ್ರ ಮತ್ತು ಅವರ ಸಂಗಡಿಗರು ಬೆಂಗಳೂರಿನ ರಸ್ತೆಗಳಲ್ಲಿ ಅಳತೆ ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮರಗಳಿರುವೆಡೆಯ ಗಾಳಿ ಮರಗಳಿಲ್ಲದೆಡೆಗಿಂತ 5.6 ಡಿಗ್ರಿಯಷ್ಟು ತಂಪಾಗಿದ್ದುದುಂಟು. ಡಾಂಬರಿನ ಮೈಯಂತೂ 27.5 ಡಿಗ್ರಿಯಷ್ಟು ಕಡಿಮೆ ಕಾದಿತ್ತು. ಬರಿಗಾಲಿನಲ್ಲಿ ತರಕಾರಿ ಗಾಡಿ ತಳ್ಳುವವನಿಗೆ ಈ ಅಂಕಿಯ ಅರ್ಥ ಚೆನ್ನಾಗಿ ಗೊತ್ತು.

ಈ ಮಾತಿನಿಂದ ಮುಖ್ಯವಾದ ಇನ್ನೊಂದು ವಿಷಯಕ್ಕೆ ಬರುತ್ತೇವೆ. ಉದ್ಯಾನ ಯಾರಿಗೆ? ಬೆಳಿಗ್ಗೆ ಬಿರುಸಾಗಿ ನಡೆಯುವ ನಿವೃತ್ತ ಅಧಿಕಾರಿಗೂ ಬೇಕು, ಸಂಜೆ ಮಕ್ಕಳನ್ನು ಕರೆತರುವ ತಾಯಿಗೂ ಬೇಕು. ಆದರೆ ನೆರಳಿನ ಅವಶ್ಯಕತೆ ಅತಿ ಹೆಚ್ಚಾಗಿರುವುದು ನಡುಹಗಲಲ್ಲಿ, ದುಡಿಯುವವರಿಗೆ. ಎರಡು ಮನೆಗಳ ಕೆಲಸದ ನಡುವೆ ಒಂದು ಗಂಟೆ ಬಿಡುವಿರುವ ಹೆಂಗಸು, ಕಟ್ಟಡದ ಕೂಲಿ, ಸಾಮಾನು ತಲುಪಿಸುವ ಹುಡುಗ, ಇವರು ಎಲ್ಲಿ ಕೂರಬೇಕು? ಬೆಂಗಳೂರಿನ ಎಷ್ಟೋ ಉದ್ಯಾನಗಳಿಗೆ ಬಹುಕಾಲ ನಡುಹಗಲಲ್ಲೇ ಬೀಗ ಬೀಳುತ್ತಿತ್ತು. 2024ರಲ್ಲಿ, ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಉದ್ಯಾನಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರ ವರೆಗೆ ತೆರೆದಿಡುವುದೆಂದು ಪ್ರಕಟಿಸಿದರು. ಒಳ್ಳೆಯ ಮಾತು. ನಿಮ್ಮ ಬೀದಿಯ ಉದ್ಯಾನದ ಬಾಗಿಲು ಮಧ್ಯಾಹ್ನ ಒಂದು ಗಂಟೆಗೆ ತೆರೆದಿದೆಯೇ ಎಂದು ಒಮ್ಮೆ ಹೋಗಿ ನೋಡಿ. ಅಲ್ಲಿ ಮಲಗಿರುವ ಕೂಲಿಯವನನ್ನು ಕಂಡು ಕಾವಲುಗಾರನಿಗೆ ದೂರು ಹೇಳುವ ಮೊದಲು, ಅವನೂ ಈ ಊರಿನ ಪೌರನೆಂಬುದನ್ನು ನೆನೆಯಿರಿ. ಒಂದು ಕುಡಿಯುವ ನೀರಿನ ನಲ್ಲಿ, ಒಂದು ಶುಚಿಯಾದ ಶೌಚಾಲಯ, ಬೆನ್ನಿಗೆ ಆಸರೆಯಿರುವ ನಾಲ್ಕು ಬೆಂಚು: ಕಾರಂಜಿಗಿಂತ ಮೊದಲು ಇವು ಬರಬೇಕು.

ಮಾಡಿದ ಉದ್ಯಾನವನ್ನು ಉಳಿಸಿಕೊಳ್ಳುವುದು ಮಾಡುವುದಕ್ಕಿಂತ ಕಷ್ಟ. ಖಾಲಿ ಜಾಗವನ್ನು ಕಂಡರೆ ಎಲ್ಲರಿಗೂ ಒಂದೊಂದು ಒಳ್ಳೆಯ ಯೋಜನೆ ಹೊಳೆಯುತ್ತದೆ. ಒಬ್ಬರಿಗೆ ಗ್ರಂಥಾಲಯ, ಒಬ್ಬರಿಗೆ ದೇವಸ್ಥಾನ, ಇನ್ನೊಬ್ಬರಿಗೆ ನೀರಿನ ತೊಟ್ಟಿ. ಕೆಟ್ಟ ಕೆಲಸಕ್ಕಿಂತ ಹೆಚ್ಚಾಗಿ ಒಳ್ಳೆಯ ಕೆಲಸಗಳೇ ಉದ್ಯಾನವನ್ನು ತಿಂದುಹಾಕುತ್ತವೆ. ಸದಾಶಿವನಗರದಲ್ಲಿ ಉದ್ಯಾನಕ್ಕೆಂದು ನಕ್ಷೆಯಲ್ಲಿ ಬಿಟ್ಟಿದ್ದ ಜಾಗವನ್ನು ಒಂದು ಖಾಸಗಿ ಆಸ್ಪತ್ರೆಗೆ ಕೊಡಲು ಹೊರಟಾಗ ಅಲ್ಲಿನ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಆಸ್ಪತ್ರೆಯೂ ಜನೋಪಯೋಗಿಯಲ್ಲವೆ ಎಂಬ ವಾದ ಬಂತು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿವಾಸಿಗಳ ಪರವಾಗಿ ತೀರ್ಪು ಕೊಟ್ಟಿತು. ಸಾರ್ವಜನಿಕ ಉದ್ಯಾನಕ್ಕೆ ಮೀಸಲಾದುದನ್ನು ಖಾಸಗಿಯವರಿಗೆ ಕೊಡುವಂತಿಲ್ಲ, ಅದನ್ನು ಪ್ರಶ್ನಿಸುವ ಹಕ್ಕು ಆ ಬಡಾವಣೆಯ ನಿವಾಸಿಗಳಿಗೆ ಉಂಟು ಎಂಬುದು ಅದರ ಸಾರಾಂಶ. ದೇಶದ ಎಷ್ಟೋ ಊರುಗಳಲ್ಲಿ ಬಯಲನ್ನು ಉಳಿಸಲು ಹೊರಟವರಿಗೆ ಆ ತೀರ್ಪು ಊರುಗೋಲಾಯಿತು.

ಕಾನೂನಿನ ಬಲ ನಮಗೆ ಸಾಕಷ್ಟು ಇದೆ. ಸರ್ಕಾರದ ಉದ್ಯಾನಗಳ ರಕ್ಷಣೆಗೆ 1975ರಲ್ಲಿ ಒಂದು ಕಾನೂನು ಬಂತು. ಊರೂರಿನ ಉದ್ಯಾನ, ಆಟದ ಮೈದಾನ, ಬಯಲುಗಳ ರಕ್ಷಣೆಗೆ 1985ರಲ್ಲಿ ಇನ್ನೊಂದು ಬಂತು. ಸ್ಥಳೀಯ ಸಂಸ್ಥೆಗಳು ಇಂಥ ಜಾಗಗಳ ಪಟ್ಟಿ ತಯಾರಿಸಬೇಕೆಂದು ಅದು ಹೇಳುತ್ತದೆ. ಆದರೆ ಪಟ್ಟಿಯಲ್ಲಿಲ್ಲದ ಉದ್ಯಾನವನ್ನು ಕಾನೂನು ಕಾಪಾಡುವುದು ಹೇಗೆ? ನಿಮ್ಮ ಬಡಾವಣೆಯ ನಕ್ಷೆಯಲ್ಲಿ ಹಸಿರು ಬಣ್ಣ ಎಲ್ಲೆಲ್ಲಿದೆ, ಅಲ್ಲಿ ಈಗ ಏನಿದೆ, ಪಟ್ಟಿಯಲ್ಲಿ ಅದರ ಹೆಸರುಂಟೆ, ಇಷ್ಟನ್ನು ತಿಳಿಯಲು ನೀವು ಪಂಡಿತರಾಗಬೇಕಿಲ್ಲ. ನಾಲ್ಕು ಮನೆಯವರು ಸೇರಿ ಒಂದು ಬೆಳಿಗ್ಗೆ ನಕ್ಷೆ ಹಿಡಿದು ಸುತ್ತಿಬಂದರೆ ಸಾಕು. ಕಂಡದ್ದನ್ನು ಬರೆದು ಕಚೇರಿಗೆ ಕೊಟ್ಟು, ಮುಟ್ಟಿದ್ದಕ್ಕೆ ರುಜು ಪಡೆದು ಬನ್ನಿ.

1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರ ಮುಂದಾಳ್ತನದಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಟ್ಟರು. ನೀವು ಇಂದು ನೆರಳೆಂದು ನಿಲ್ಲುವ ಎಷ್ಟೋ ಮರಗಳು ಆಗ ಮೊಳಕಾಲೆತ್ತರದಿಂದ ಆಳೆತ್ತರದವರೆಗಿನ ಸಸಿಗಳಾಗಿದ್ದವು. ನಲವತ್ತು ವರ್ಷ ಬಹಳ ದೀರ್ಘಕಾಲವಲ್ಲ. ಬರುವ ಮಳೆಗಾಲಕ್ಕೆ ಮುಂಚೆ ನಿಮ್ಮ ಬೀದಿಯ ಹತ್ತಿರ ಅಂಥ ಒಂದು ಜಾಗವನ್ನು ಗುರುತು ಮಾಡಿಡಿ. ಮೊದಲ ಮಳೆ ಬಿದ್ದು ನೆಲ ಮೆತ್ತಗಾದಾಗ ಅಲ್ಲಿ ಹೊಂಗೆಯ ಸಸಿ ನೆಡುವುದಕ್ಕೆ ಸಂಬಂಧಪಟ್ಟ ಕಚೇರಿಯಿಂದ ಅನುಮತಿ ಕೇಳಿ. ಮೊದಲ ಎರಡು ಬೇಸಗೆ ಅದಕ್ಕೆ ನೀರು ಹಾಕುವವರು ಯಾರು ಎಂಬುದನ್ನು ಮಾತ್ರ ನೆಡುವ ಮೊದಲೇ ತೀರ್ಮಾನಿಸಿಕೊಳ್ಳಿ.